ಕದ್ದ ಹವಳ

ಮೇಷ್ಟ್ರು ಮೆಟ್ಟಿಲು ಹತ್ತುವ ಸದ್ದು ಕೇಳಿದಾಗ ದರ್ಜಿಯ ಕೈ ಇನ್ನೂ ಮೊಣಕೈವರೆಗೆ ಉಪ್ಪುನೀರಿನಲ್ಲಿತ್ತು. ಅಕ್ವೇರಿಯಮ್ಮಿನ ಮುಂದಿನ ಕಲ್ಲನ್ನು ಹಿಂದಕ್ಕೆ ತಳ್ಳಿ, ಅದಕ್ಕೆ ಇನ್ನೊಂದು ಕಲ್ಲು ಅಡ್ಡ ಇಟ್ಟಿದ್ದ. ಆದರೂ ಆ ಹವಳದ ಕಿತ್ತಳೆ ಬಣ್ಣ ಬುಟ್ಟಿಯಲ್ಲಿ ಮುಚ್ಚಿಟ್ಟ ಬೆಕ್ಕಿನ ಬಾಲದ ಹಾಗೆ ಹೊರಗೆ ಇಣುಕುತ್ತಲೇ ಇತ್ತು. ಕೊನೆಗೆ ಹೊಲಿಯಲು ಕತ್ತರಿಸಿಟ್ಟಿದ್ದ ಕೋಟಿನ ಲೈನಿಂಗ್ ಬಟ್ಟೆಯನ್ನೇ ತಂದು ಗಾಜಿನ ಮೇಲೆ ಇಳಿಬಿಟ್ಟ.

"ರೀ, ಗಿರಾಕಿ ಬಟ್ಟೆ ಅದು!" ಎಂದಳು ಹೆಂಡತಿ. "ಮೀನಿಗೆ ಎಂಥ ಮಾನ ಮುಚ್ಚೋದಿದೆ?"

"ಮೀನಿಗಲ್ಲ," ಎಂದವನು ಬಟ್ಟೆಯ ಅಂಚನ್ನು ಇನ್ನಷ್ಟು ಕೆಳಕ್ಕೆ ಎಳೆದ.

ಹಿಂದಿನ ದಿನ ಮೇಷ್ಟ್ರು ಫೋನಿನಲ್ಲಿ ಆಡಿದ್ದು ಮೂರೇ ಮಾತು. "ನಾಳೆ ಬರ್ತೀನಿ. ಯಾಕೆ ಅಂತ ನಿನಗೆ ಗೊತ್ತಿದೆ. ಇಬ್ಬರಿಗೂ ಇನ್ನು ಸಾಕು ಇದು."

ಗೊತ್ತಿತ್ತು. ಎರಡು ವರ್ಷದಿಂದ ಗೊತ್ತಿತ್ತು.

ಸಮುದ್ರದ ಹವಳವನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಬೆಳೆಸುವ ಹುಚ್ಚು ಅವನಿಗೆ ಹತ್ತಿಸಿದವರೇ ಈ ಮೇಷ್ಟ್ರು. ಅದರಲ್ಲೂ ಜೊವಾಂಥಿಡ್. ಕಲ್ಲಿಗೆ ಅಂಟಿಕೊಂಡು ಉಗುರಿನಷ್ಟಗಲದ ಹೂವಿನ ಹಾಗೆ ಅರಳುವ ಜೀವ. ಒಂದರ ಬುಡದಿಂದ ಇನ್ನೊಂದು ಎದ್ದು ವರ್ಷ ಎರಡು ವರ್ಷದಲ್ಲಿ ಕಲ್ಲನ್ನೇ ತುಂಬಿಬಿಡುತ್ತದೆ. ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರಿಗೆ ಪಾಠ ಹೇಳದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. "ಬರಿಗೈಲಿ ಮುಟ್ಟಬೇಡ, ವಿಷ ಇದೆ" ಎನ್ನುವುದು ಮೊದಲ ಪಾಠ. "ಬಣ್ಣ ಹವಳದ್ದಲ್ಲ ಕಣಪ್ಪಾ, ಬೆಳಕಿನದು" ಎನ್ನುವುದು ಎರಡನೆಯದು. ಎರಡನೆಯದು ದರ್ಜಿಯ ತಲೆಗೆ ಹೋಗಲು ವರ್ಷಗಳೇ ಬೇಕಾದವು. ಮೊದಮೊದಲು ಅಂಗಡಿಯ ಹಳೆಯ ಟ್ಯೂಬ್‌ಲೈಟನ್ನೇ ತೊಟ್ಟಿಯ ಮೇಲೆ ಕಟ್ಟಿದ್ದ. ಹವಳ ಅಂಟಿಸಲು ಬೇರೇನೂ ಸಿಗದೆ ಕೋಟಿನ ಗುಂಡಿಗಳ ಮೇಲೆ ಅಂಟಿಸಿದ್ದ. "ಗುಂಡಿ ಆಯ್ತು, ಇನ್ನು ಮೀನಿಗೆ ಕಾಜಾ ಹೊಲೀರಿ" ಎಂದು ಹೆಂಡತಿ ನಕ್ಕಿದ್ದಳು.

ಆ ವರ್ಷ ತಂದದ್ದೆಲ್ಲ ಸತ್ತಿತು. ಉಳಿದಿದ್ದ ಒಂದೇ ಒಂದು ಕೆಸರುಬಣ್ಣದ ಹೂವೂ ತೊಟ್ಟಿ ತೊಳೆದ ದಿನ ಗುಂಡಿ ಸಮೇತ ಎಲ್ಲೋ ಬಿದ್ದುಹೋಯಿತು. ನೆರವಿಗೆ ಬಂದಿದ್ದ ಮೇಷ್ಟ್ರು ಆ ವಯಸ್ಸಿನಲ್ಲೂ ಮಂಡಿಯೂರಿ, ಅರ್ಧ ಗಂಟೆ ಅವನ ಜೊತೆ ಬಕೆಟ್ಟಿನ ಕೊಳಕು ನೀರನ್ನು ತಡಕಾಡಿದ್ದರು. ಮರುದಿನ ತಮ್ಮ ತೊಟ್ಟಿಯಿಂದ ಐದು ಬಗೆಯ ಹವಳ ಕತ್ತರಿಸಿ ತಂದುಕೊಟ್ಟಿದ್ದರು.

ಅಂಥವರ ಮನೆಯಲ್ಲಿ ಅವನು ಕದ್ದ. ಉಂಡ ಮನೆಗೆ ಎರಡು ಬಗೆದ.

ಎಲ್ಲರಿಗೂ ಎಲ್ಲವನ್ನೂ ಕೈಯೆತ್ತಿ ಕೊಡುತ್ತಿದ್ದ ಮೇಷ್ಟ್ರು ಒಂದನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ನಡುವೆ ಕೆಂಡದ ಕಿತ್ತಳೆ, ಅಂಚಿಗೆ ನೇರಳೆ. ಹೆಸರು 'ಸಂಜೆ' ಎಂದಿಟ್ಟಿದ್ದರು. ದರ್ಜಿಯ ಕಣ್ಣಿಗೆ ಅದು ಬಿದ್ದದ್ದೇ ಹೇಳದೆ ಕೇಳದೆ ಅವರ ಮನೆಗೆ ಹೋದ ಒಂದು ದಿನ. ಒಂದು ಹೂ ಕೊಡಿ ಎಂದಾಗ "ಅದೊಂದು ಬಿಟ್ಟು ಏನಾದ್ರೂ ಕೇಳಪ್ಪಾ" ಎಂದು ಮುಖ ತಿರುಗಿಸಿದರು. ತನ್ನ ಕೈಗುಣದ ಮೇಲೆ ಗುರುವಿಗೇ ನಂಬಿಕೆಯಿಲ್ಲ ಎಂದು ಅವನಿಗೆ ಉರಿಯಿತು. ಅವರು ಕಾಫಿ ತರಲು ಒಳಗೆ ಹೋದದ್ದೇ ತಡ, ಜೇಬಿನಿಂದ ನೂಲು ಕತ್ತರಿಸುವ ಪುಟ್ಟ ಕತ್ತರಿ ತೆಗೆದ. ಒದ್ದೆ ಕರವಸ್ತ್ರದಲ್ಲಿ ಒಂದು ಹೂ ಸುತ್ತಿಕೊಂಡು, ಕಾಫಿಯನ್ನೂ ಕುಡಿದು ಬಂದ.

ಬರಿಗೈಯಲ್ಲಿ ಮುಟ್ಟಿದ ಬೆರಳು ಮೂರು ದಿನ ಊದಿಕೊಂಡಿತು. ಹೆಂಡತಿಗೆ ಸೂಜಿ ಚುಚ್ಚಿತೆಂದ. ಊತ ಇಳಿಯಿತು, ನಾಚಿಕೆ ಇಳಿಯಲಿಲ್ಲ. ಹೂ ಒಂದು ಎರಡಾಗಿ, ಎರಡು ಹತ್ತಾಗಿ ಬೆಳೆದಂತೆ ಅದೂ ಬೆಳೆಯಿತು.

ಮೇಷ್ಟ್ರು ಗುಲ್ಲು ಮಾಡಲಿಲ್ಲ. ಕತ್ತರಿಸಿದ ಗಾಯ ಅವರ ಕಣ್ಣಿಗೆ ಬೀಳದಿರುವುದು ಸಾಧ್ಯವೇ ಇರಲಿಲ್ಲ. ಆದರೆ ಅವರು ಮನೆಗೆ ಬರುವುದನ್ನು ಬಿಟ್ಟರು, ಬೀದಿಯಲ್ಲಿ ಎದುರಾದರೆ ತಲೆ ತಗ್ಗಿಸಿ ನಡೆದರು. ಕಳ್ಳ ನಾನು, ತಲೆ ತಗ್ಗಿಸುವವರು ಅವರು! ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ದರ್ಜಿ ಒಳಗೊಳಗೇ ಕುದಿದ. ಅವನಿಗೆ ಇದ್ದ ಗುರು ಅವರೊಬ್ಬರೇ.

ಮೇಷ್ಟ್ರು ಒಳಗೆ ಬಂದರು. ಕೈಯಲ್ಲಿ ಒಂದು ಮುಚ್ಚಳದ ಡಬ್ಬಿ. ಬಟ್ಟೆ ಹೊದ್ದ ತೊಟ್ಟಿಯನ್ನು ನೋಡಿ ಅಲ್ಲೇ ನಿಂತರು.

"ಮುಚ್ಚಿದ್ದೀಯಾ," ಎಂದರು. "ಒಳ್ಳೇದೇ ಮಾಡ್ದೆ."

ದರ್ಜಿಗೆ ಇನ್ನು ತಡೆಯಲಾಗಲಿಲ್ಲ. ಬಟ್ಟೆ ಎಳೆದುಹಾಕಿ, ಅಡ್ಡ ಇಟ್ಟ ಕಲ್ಲನ್ನು ಸರಿಸಿದ. ಹೊಸ ದೀಪದ ನೀಲಿ ಬೆಳಕಿನಲ್ಲಿ ನಲವತ್ತು 'ಸಂಜೆ'ಗಳು ಒಟ್ಟಿಗೆ ಹೊಳೆದವು.

"ತಪ್ಪಾಯ್ತು ಮೇಷ್ಟ್ರೇ. ಕದ್ದೆ. ನಿಮ್ಮನೇಲಿ ಕಾಫಿ ಕುಡ್ದು ನಿಮ್ಮನೇಲೇ ಕದ್ದೆ. ಅಷ್ಟನ್ನೂ ತಗೊಂಡು ಹೋಗಿಬಿಡಿ."

ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. ಅವಳೆದುರು ಆಡಿದ್ದಕ್ಕೆ ಆ ಮಾತು ಇನ್ನಷ್ಟು ಸುಟ್ಟಿತು.

ಮೇಷ್ಟ್ರ ಮುಖ ಕಪ್ಪಿಟ್ಟಿತು. "ಆ ಮಾತು ನಿನ್ನ ಬಾಯಲ್ಲಿ ಬರಬಾರದು. ನನ್ನ ಚುಚ್ಚೋಕೆ ಹೇಳ್ತಿದ್ದೀಯಾ?"

"ಅಯ್ಯೋ, ಇಲ್ಲ ಮೇಷ್ಟ್ರೇ..."

"ನೀನು ಬಂದು ಕೇಳ್ತೀಯ ಅಂತ ಎರಡು ವರ್ಷ ಕಾದೆ. ನೀನು ಕೇಳ್ಲಿಲ್ಲ, ನಂಗೆ ಹೇಳೋ ಧೈರ್ಯ ಬರ್ಲಿಲ್ಲ." ಅವರು ಡಬ್ಬಿಯನ್ನು ಹೊಲಿಗೆ ಮೇಜಿನ ಮೇಲಿಟ್ಟರು. "ಪೂರ್ತಿ ತಂದಿದ್ದೀನಿ, ಬುಡ ಸಮೇತ. ನಂಗೆ ಅಂತ ಒಂದು ಹೂ ಕೂಡ ಇಟ್ಕೊಂಡಿಲ್ಲ. ಗ್ಲೌಸ್ ಹಾಕ್ಕೊಂಡು ತಿರುಗಿಸಿ ನೋಡು."

ದರ್ಜಿ ಡಬ್ಬಿಯಿಂದ ಅದನ್ನು ಎತ್ತಿ ಮೇಜಿನ ಟ್ಯೂಬ್‌ಲೈಟಿಗೆ ಹಿಡಿದ. ಆ ಬೆಳಕಿನಲ್ಲಿ ಕಿತ್ತಳೆಯೂ ಇರಲಿಲ್ಲ, ನೇರಳೆಯೂ ಇರಲಿಲ್ಲ, ಬರೀ ಕೆಸರುಬಣ್ಣ. ಮೆಲ್ಲಗೆ ಬುಡ ತಿರುಗಿಸಿದ.

ಹವಳದೊಳಗೆ ಅರ್ಧ ಹೂತುಹೋಗಿ, ನಾಲ್ಕು ತೂತಿನ ಒಂದು ಕೋಟಿನ ಗುಂಡಿ ಇತ್ತು.