ಹತ್ತಿ ಸಾಹೇಬರ ಪೊಟ್ಟಣ

ಚೀಟಿ ಹರಿಯಬಾರದು, ಅಷ್ಟೇ. ಸಾಹೇಬರು ಉಸಿರು ಬಿಗಿಹಿಡಿದು ಒಂದು ಪೊಟ್ಟಣದ ಮೇಲಿನ ‘ಹತ್ತಿ’ ಎಂಬ ಚೀಟಿ ಸುಲಿದು ಇನ್ನೊಂದಕ್ಕೆ ಅಂಟಿಸಿದರು. ‘ಪಾಲಿಯೆಸ್ಟರ್’ ಚೀಟಿ ಹತ್ತಿಯ ಪೊಟ್ಟಣ ಸೇರಿತು. ಒಳಗಿದ್ದ ಬಿಳಿ ಬಟ್ಟೆಯ ತುಂಡುಗಳು ನೋಡಲು ಒಂದೇ ಥರ. ಪ್ರಯೋಗಾಲಯಕ್ಕೆ ಇನ್ನೂ ಯಾರೂ ಬಂದಿರಲಿಲ್ಲ.

ಅಪರಾಧಿ ಮುಟ್ಟಿದ ಜಾಗದಿಂದ ಡಿಎನ್‌ಎ ಒರೆಸಿ ತೆಗೆಯಲು ಇಪ್ಪತ್ತೆರಡು ವರ್ಷ ಹತ್ತಿ ಬಟ್ಟೆಯನ್ನೇ ಆರಿಸಿದವರು ಇವರು. ಪೊಲೀಸರ ಬಾಯಲ್ಲಿ ‘ಹತ್ತಿ ಸಾಹೇಬರು’. ಈಗ, ತಾವೇ ಕೆಲಸ ಕಲಿಸಿದ ಅಕ್ಕನ ಮಗಳು ಪಾಲಿಯೆಸ್ಟರ್ ಹಿಡಿದು ಎದುರು ನಿಂತಿದ್ದಳು. ಗುರುವಿಗೇ ತಿರುಮಂತ್ರ! ಹೋದ ತಿಂಗಳು ಗಾಜಿನ ಮೇಲೆ ಅವಳ ಬಟ್ಟೆ ಹತ್ತಿಗೆ ಮಣ್ಣು ಮುಕ್ಕಿಸಿತ್ತು. ಇವತ್ತಿನದು ಕೊನೆಯ ಪರೀಕ್ಷೆ. ಸೋತರೆ ಹತ್ತಿಯೂ ಹೋಯಿತು, ಹೆಸರೂ ಹೋಯಿತು.

“ಏನ್ ಮಾವ, ಇಷ್ಟು ಬೇಗ?” ಅವಳು ಒಳಗೆ ಬಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಸಾಹೇಬರು ಬೆರಳಿನ ಅಂಟು ಒರೆಸಿಕೊಂಡರು. “ಗೆಲ್ಲೋ ಕುದುರೆಗೆ ಎಲ್ಲಿ ನಿದ್ದೆಯಮ್ಮ!”

ಕಾವಲುಗಾರ ಎರಡು ಇಟ್ಟಿಗೆಗಳನ್ನು ಬರಿಗೈಯಲ್ಲಿ ಒಂದೊಂದು ನಿಮಿಷ ಹಿಡಿದು ಕೊಟ್ಟ. ಸಹಾಯಕಿ ಕೈಗವಸು ತೊಟ್ಟು, ಒಂದೊಂದು ಪೊಟ್ಟಣದ ಬಟ್ಟೆಯಿಂದ ಒಂದೊಂದನ್ನು ಒರೆಸಿದಳು. ಮಾವನೂ ಸೋದರ ಸೊಸೆಯೂ ಏನನ್ನೂ ಮುಟ್ಟುವಂತಿರಲಿಲ್ಲ. ಮೋಸ ಆಗಬಾರದೆಂದು ಈ ನಿಯಮ ಮಾಡಿದವರೇ ಸಾಹೇಬರು. ಅವರ ಕಣ್ಣು ಇಟ್ಟಿಗೆಯ ಮೇಲಿರಲಿಲ್ಲ, ಚೀಟಿಯ ಮೇಲಿತ್ತು.

ಮೂರು ದಿನ ಅವರು ಹುಡುಗಿಗೆ ಸಮಾಧಾನ ಹೇಳಿದ್ದೇ ಹೇಳಿದ್ದು. “ಬೇಜಾರಾಗ್ಬೇಡ. ಹೊಸದರ ಮೋಹ ಎಲ್ರಿಗೂ ಇರುತ್ತೆ.” ಅವಳು ತಲೆಯಾಡಿಸುತ್ತಿದ್ದಳು, ಪಾಪ.

ನಾಲ್ಕನೆಯ ದಿನ ನಿರ್ದೇಶಕಿ ಲಕೋಟೆ ಒಡೆದರು. “ಪಾಲಿಯೆಸ್ಟರ್ ಅಂತ ಗುರುತು ಹಾಕಿರೋದು ನಾಲ್ಕು ಪಟ್ಟು ಜಾಸ್ತಿ ಡಿಎನ್‌ಎ ಎತ್ತಿದೆ. ಇನ್ಮೇಲೆ ಎಲ್ಲಾ ಠಾಣೆಗೂ ಪಾಲಿಯೆಸ್ಟರೇ. ನೀವೇನಂತೀರಿ ಸಾಹೇಬ್ರೇ?”

ಸಾಹೇಬರು ವರದಿ ಇಸಿದುಕೊಂಡು ‘ಪಾಲಿಯೆಸ್ಟರ್’ ಎಂಬ ಸಾಲನ್ನು ಎರಡು ಸಲ ಓದಿದರು.

“ನಂಗೇ ನಂಬೋಕಾಗ್ತಿಲ್ಲ ಮಾವ,” ಎಂದಳು ಹುಡುಗಿ, ಕಣ್ಣರಳಿಸಿ. “ನುಣುಪು ಜಾಗಕ್ಕೆ ಯಾವುದಾದ್ರೂ ಇರ್ಲಿ, ಒರಟು ಜಾಗಕ್ಕೆ ಹತ್ತಿನೇ ಅಂತ ಕಲಿಸಿದ್ದು ನೀವೇ ಅಲ್ವಾ? ಇಟ್ಟಿಗೆ ನೋಡಿದಾಗ್ಲೇ ನಾನು ಸೋತೆ ಅಂದ್ಕೊಂಡಿದ್ದೆ.”

ಗೆದ್ದದ್ದು ತಮ್ಮ ಹತ್ತಿಯೇ ಎಂದು ಬಾಯಿಬಿಡುವಂತಿರಲಿಲ್ಲ. ‘ಪಾಲಿಯೆಸ್ಟರ್‌ಗೆ ನನ್ನ ಪೂರ್ಣ ಒಪ್ಪಿಗೆ’ ಎಂದು ಬರೆದು ಹತ್ತಿ ಸಾಹೇಬರು ಸಹಿ ಹಾಕಿದರು.