ಸೀಟಿನ ಮೂರು ತೂತು

ಗಂಡ ಓಡಿಸುತ್ತಿದ್ದಾಗಲೇ ಸತ್ತ ಮಿಲಿಟರಿ ಜೀಪನ್ನೇ ಹರಾಜಿನಲ್ಲಿ ಹಿಡಿದು, ಚಂಪಾಬಾಯಿ ತನ್ನ ಗುಜರಿ ಅಂಗಳಕ್ಕೆ ತಂದಿದ್ದಳು. ಶತ್ರುಗಳು ಎದುರಿನಿಂದ ಹೊಡೆದರು ಎಂದು ಅವಳಿಗೆ ಕಾಗದ ಬಂದಿತ್ತು.

ಹಳೆಯ ಸೇನಾ ಗಾಡಿಗಳನ್ನು ಹುಡುಕಿ ಹೊಸದು ಮಾಡುವ ಹುಚ್ಚಿನವರು ದೂರದಿಂದ ಬರುತ್ತಿದ್ದರು. ಅವಳು ರಾಟೆಯ ಸರಪಳಿ ಎಳೆದು ಜೀಪು ಎತ್ತಿ ಹಿಡಿಯುತ್ತಿದ್ದಳು. ಅವರು ಕೆಳಗೆ ಅಂಗಾತ ಮಲಗಿ ಚಾಸಿ ನಂಬರು ನೋಡುತ್ತಿದ್ದರು. ಅವಳದು ಒಂದೇ ಪ್ರಶ್ನೆ: "ಡ್ರೈವರ್ ಸೀಟಿನ ಗುಂಡಿನ ತೂತು ಏನ್ ಮಾಡ್ತೀರಿ?"

"ಮುಟ್ಟೂದಿಲ್ಲವ್ವಾ. ಗಾಡಿಯ ಮರ್ಯಾದಿನೇ ಅವು," ಎನ್ನುತ್ತಿದ್ದರು ಎಲ್ಲರೂ. ಒಬ್ಬ ಮಾತ್ರ ಸೀಟಿನ ತಗಡು ಸವರಿ, "ಅಂಚು ಮುಂದಕ್ಕ ಬಿರದಾವು. ಹೊಡದಾಂವ ಹಿಂದ ಕುಂತಿದ್ದ," ಎಂದಿದ್ದ. ಆಮೇಲೂ ಅವಳು ಜೀಪು ಯಾರಿಗೂ ಕೊಡಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ.

ಇವತ್ತು ಬಂದ ಹುರಿಮೀಸೆಯ ಮುದುಕ ಬೇರೆ ಯಾವ ಗಾಡಿಯತ್ತಲೂ ನೋಡದೆ ನೇರ ಜೀಪಿನ ಹತ್ತಿರ ಬಂದ; ಅವಳು ಸರಪಳಿ ಎಳೆದು ಎತ್ತಿ ಹಿಡಿದದ್ದೇ ಕೆಳಗೆ ನುಸುಳಿದ.

"ಇದ ನಂಬರ್!" ಅವನು ಕೆಳಗಿನಿಂದ ಕೂಗಿದ. "ಎಷ್ಟು ವರ್ಷ ಹುಡುಕೀನಿ ಇದನ್ನ, ತಂಗಿ."

"ತೂತು ಏನ್ ಮಾಡ್ತೀರಿ, ಅಣ್ಣಾರ?"

"ಮೊದಲ ಅವನ್ನ ವೆಲ್ಡ್ ಮಾಡಿ ಮುಚ್ಚತೀನಿ."

"ಯಾಕ್ರೀ? ಎಲ್ಲಾರೂ ಇರಲಿ ಅಂತಾರ."

ಅವನು ಕೆಳಗಿನಿಂದಲೇ ಸೀಟಿನ ತಳ ಸವರಿದ.

"ಎಲ್ಲಾರೂ ಸ್ಟೇರಿಂಗ್ ಹಿಡದು ಕೂಡವರು, ತಂಗಿ. ಹಿಂದ ಕುಂತವನ ಕಣ್ಣಮುಂದ ಆ ತೂತ ಇರತಾವು."

ಚಂಪಾಬಾಯಿ ಸರಪಳಿಯನ್ನು ಕೈಬಿಟ್ಟಳು.