ಚಿತ್ರದಲ್ಲಿ ಉಳಿದ ಕುಂಕುಮ

ಯಾವುದರ ಚಿತ್ರ ಬರೆದರೂ ಅದರ ಬಣ್ಣ ಚಿತ್ರದ ಪಾಲಾಗುತ್ತದೆ, ಇದು ಎಲ್ಲರಿಗೂ ಗೊತ್ತಿದ್ದದ್ದೇ. ದೊಡ್ಡ ಚಿತ್ರಕಾರನೊಬ್ಬ ಕೂತು ಬರೆದ ಮೇಲೆ ದೇಸಾಯರ ವಾಡೆಯ ಗೋಡೆ, ಬಾಗಿಲು, ಬೇವಿನಮರ ಎಲ್ಲ ಬೂದುಬಣ್ಣಕ್ಕೆ ತಿರುಗಿದ್ದವು. ಆ ಚಿತ್ರವನ್ನು ವಾಡೆಯೊಳಗೇ ತೂಗುಹಾಕಿದ್ದರು; ಜನ ಟಿಕೆಟ್ ತೆಗೆದು ನೋಡಿಹೋಗುತ್ತಿದ್ದರು.

ಆಗಿನ್ನೂ ಹೊಸ ಮದುಮಗಳಾಗಿದ್ದ ಶಿವಗಂಗವ್ವ ವಾಡೆಯ ಹೊಸ್ತಿಲು ಸಾರಿಸುತ್ತಿದ್ದಾಗ ಅವಳ ಹಣೆಯ ಕುಂಕುಮವನ್ನೂ ಆತ ಬರೆದುಬಿಟ್ಟಿದ್ದ. ಅಂದಿನಿಂದ ಅವಳ ಕುಂಕುಮ ಇಟ್ಟ ಗಳಿಗೆಯಲ್ಲೇ ಬೂದಿಯಂತಾಗುತ್ತಿತ್ತು. ಮುತ್ತೈದೆಯರ ಸಾಲಿನಲ್ಲಿ ಯಾರೂ ಅವಳನ್ನು ಕೂಡಿಸಲಿಲ್ಲ. ಗಂಡ ಬಸಲಿಂಗ ಮಾತ್ರ ಹಟ ಬಿಡದೆ ದಿನಾ ಬೆಳಿಗ್ಗೆ ತಾನೇ ಅವಳಿಗೆ ಕುಂಕುಮ ಇಡುತ್ತಿದ್ದ.

ಮೊನ್ನೆ ಅವನು ತೀರಿಕೊಂಡ. ಕುಂಕುಮ ಒರೆಸಲು ಬಂದ ಹೆಂಗಸರು, "ಇಲ್ಲೇನೈತಿ ಒರಸಾಕ?" ಎಂದು ಎದ್ದುಹೋದರು. ಅವನು ಕೊನೆಗೆ ಇಟ್ಟದ್ದು ಹಾಗೇ ಉಳಿಯಿತು.

ಇಂದು ಅವಳು ವಾಡೆಗೆ ಬಂದಳು. ತನ್ನ ಚಿತ್ರದ ಮುಂದೆ ನಿಂತು, ಸೀಮೆಎಣ್ಣೆಯಲ್ಲಿ ಅದ್ದಿದ ಸೆರಗಿನಿಂದ ಅದರ ಹಣೆಯ ಕೆಂಪು ಅಳಿಯುವ ತನಕ ತಿಕ್ಕಿದಳು.

"ಏ ಯವ್ವಾ, ಮುಟ್ಟಬ್ಯಾಡ!" ಎನ್ನುತ್ತ ಓಡಿಬಂದ ಕಾವಲುಗಾರ ಅವಳ ಮುಖ ನೋಡಿ ನಿಂತುಬಿಟ್ಟ. "ನಿನ್ನ ಹಣಿ ಮ್ಯಾಲಿನ ಕುಂಕುಮ... ಕೆಂಪಗಾತಲ್ಲ!"

ಹಣೆಯತ್ತ ಸೆರಗು ಎತ್ತಿದ್ದ ಶಿವಗಂಗವ್ವನ ಕೈ ಅಲ್ಲೇ ನಿಂತಿತು.

"ಒಂದು ಕನ್ನಡಿ ಕೊಡಪ್ಪಾ," ಎಂದಳು. "ನೋಡಿ ಒರಸ್ಕೋತೀನಿ."